ಹಳಿ ಪಕ್ಕದ ಮನೆಗೆ ‘ಸೌಂಡ್‌ಪ್ರೂಫ್’ ಕಿಟಕಿ: ಯಾವುದು ಕೊಳ್ಳಬಹುದು, ಯಾವುದು ಬೇಡ

ವೈಟ್‌ಫೀಲ್ಡ್ ಕಡೆಯ ಚೆನ್ನೈ ಲೈನು, ಕಾರ್ಮೆಲಾರಂ–ಹೀಲಲಿಗೆ ಮೇಲೆ ಹೋಗುವ ಹೊಸೂರು ಲೈನು, ಯಶವಂತಪುರ–ತುಮಕೂರು, ಕೆಂಗೇರಿ–ಮೈಸೂರು. ಬೆಂಗಳೂರಿನಿಂದ ಹೊರಡುವ ಯಾವ ಹಳಿ ಹಿಡಿದು ಹೋದರೂ ರೈಲ್ವೆ ಕಾಂಪೌಂಡಿಗೆ ಬೆನ್ನು ಕೊಟ್ಟು ನಿಂತ ಅಪಾರ್ಟ್‌ಮೆಂಟುಗಳು ಸಿಗುತ್ತವೆ. ಅಲ್ಲಿ ಮನೆ ಕೊಂಡವರಿಗೆ ಮೊದಲ ತಿಂಗಳಲ್ಲೇ ಯಾರಾದರೂ ಮಾರಲು ಬರುವ ವಸ್ತು ‘ಸೌಂಡ್‌ಪ್ರೂಫ್ ಕಿಟಕಿ’. ಇದು ಒಂದು ಕಂಪನಿಯ ವಿಮರ್ಶೆ ಅಲ್ಲ. ಈ ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ಸಿಗುವ ಮೂರು ಬಗೆಯ ಸರಕಿನ ವಿಮರ್ಶೆ: ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಸ್ಲೈಡಿಂಗ್ ಕಿಟಕಿಗೆ ಜೋಡಿ ಗಾಜು, ಕೇಸ್‌ಮೆಂಟ್ (ಹಿಂಜಿನ ಮೇಲೆ ಬಾಗಿಲಿನಂತೆ ತೆರೆಯುವ) ಕಿಟಕಿಗೆ ಅಕೌಸ್ಟಿಕ್ ಲ್ಯಾಮಿನೇಟೆಡ್ ಗಾಜು (ನಡುವೆ ಸದ್ದು ನುಂಗುವ ಪ್ಲಾಸ್ಟಿಕ್ ಪದರವಿಟ್ಟು ಅಂಟಿಸಿದ ಗಾಜು), ಮತ್ತು ಹಳೆಯ ಕಿಟಕಿಯನ್ನು ಹಾಗೇ ಉಳಿಸಿ ಒಳಗಡೆ ಹಾಕುವ ಎರಡನೇ ಕಿಟಕಿ.

ತೀರ್ಪು ಮೊದಲೇ ಹೇಳಿಬಿಡೋಣ. ಮೊದಲನೆಯದು ಹಳಿ ಪಕ್ಕದ ಮಲಗುವ ಕೋಣೆಗೆ ಬೇಡ. ಎರಡನೆಯದು ಒಳ್ಳೆಯ ಸರಕು, ಆದರೆ ಕೂರಿಸುವವರು ಕೈಕೊಟ್ಟರೆ ಅದಕ್ಕೆ ಸುರಿದ ದುಡ್ಡಿನ ಅರ್ಧ ನೀರುಪಾಲು. ಮೂರನೆಯದು ನೋಡಲು ಅಷ್ಟು ಚೆಂದವಲ್ಲ, ಮಾರುವವರಿಗೂ ಅದರಲ್ಲಿ ಆಸಕ್ತಿ ಕಡಿಮೆ. ಆದರೂ ಕೆಲಸ ಮಾಡುವುದು ಅದೇ ಹೆಚ್ಚು.

ಸ್ಲೈಡಿಂಗ್ ಕಿಟಕಿಯ ವಿಷಯ ಬೇಗ ಮುಗಿಸಬಹುದು. ಅದು ಹಳಿಯ ಮೇಲೆ ಜಾರಬೇಕಾದರೆ ರೆಕ್ಕೆಗೂ (ಗಾಜು ಹೊತ್ತು ತೆರೆದು ಮುಚ್ಚುವ ಭಾಗ) ಚೌಕಟ್ಟಿಗೂ ನಡುವೆ ಸಂದು ಇರಲೇಬೇಕು. ಆ ಸಂದಿಗೆ ಹಾಕುವುದು ಬ್ರಷ್ಷಿನಂಥ ನೂಲು ಪಟ್ಟಿ. ಅದು ಧೂಳು ತಡೆಯುತ್ತದೆ, ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಗಾಳಿ ನುಗ್ಗುವ ಕಡೆಯೆಲ್ಲ ಸದ್ದೂ ನುಗ್ಗುತ್ತದೆ. ಜೊತೆಗೆ ಕೆಳಗಿನ ಹಳಿಯಲ್ಲಿ ಮಳೆ ನೀರು ಹೊರಹೋಗಲು ತೂತುಗಳಿರುತ್ತವೆ, ಎರಡು ರೆಕ್ಕೆ ಕೂಡುವ ನಡುಭಾಗದಲ್ಲಿ ಮೇಲೆ ಕೆಳಗೆ ಬೆರಳಿನಷ್ಟು ಜಾಗ ಉಳಿದಿರುತ್ತದೆ. ಇಂಥ ಚೌಕಟ್ಟಿಗೆ ಎಷ್ಟು ದುಬಾರಿ ಗಾಜು ಕೂರಿಸಿದರೂ ಲಾಭ ಸಂದಿನಲ್ಲಿ ಸೋರಿ ಹೋಗುತ್ತದೆ. ಹಾಲ್‌ನ ಬಾಲ್ಕನಿ ಬಾಗಿಲಿಗೆ ಬೇರೆ ದಾರಿ ಇಲ್ಲದಿದ್ದರೆ ‘ಲಿಫ್ಟ್ ಅಂಡ್ ಸ್ಲೈಡ್’ ಬಗೆ ಕೇಳಿ. ಹಿಡಿ ತಿರುಗಿಸಿದಾಗ ರೆಕ್ಕೆ ಕೆಳಗಿಳಿದು ರಬ್ಬರ್ ಪಟ್ಟಿಯ ಮೇಲೆ ಒತ್ತಿ ಕೂರುವುದರಿಂದ ಅದು ಸಾಧಾರಣ ಸ್ಲೈಡಿಂಗ್‌ಗಿಂತ ಬಹಳ ಮೇಲು.

ಇನ್ನು ಗಾಜು. ಮಾರಾಟದ ಮಾತು ಹೆಚ್ಚು ನಡೆಯುವುದು ಇಲ್ಲೇ, ಗೊಂದಲವೂ ಇಲ್ಲೇ. ‘ಡಬಲ್ ಗ್ಲಾಸ್ ಹಾಕಿದರೆ ಸದ್ದು ಅರ್ಧ’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಗಾಜಿನ ಧ್ವನಿತಡೆಗೆ ಯುರೋಪಿನಲ್ಲಿ ಬಳಸುವ ಇಎನ್ 12758 ಮಾನದಂಡದ ಪಟ್ಟಿ ತೆರೆದು ನೋಡಿ: 6 ಮಿಮೀ ಒಂಟಿ ಗಾಜಿಗೆ 31 ಡೆಸಿಬಲ್, 6 ಮಿಮೀ ಗಾಜು, ನಡುವೆ 12 ಮಿಮೀ ಗಾಳಿ, ಮತ್ತೆ 6 ಮಿಮೀ ಗಾಜು, ಇದಕ್ಕೂ 31. ಎರಡು ಪಟ್ಟು ಗಾಜಿಗೆ ದುಡ್ಡು ಕೊಟ್ಟು ಸದ್ದಿನಲ್ಲಿ ಪಡೆದದ್ದು ಸೊನ್ನೆ. ಬಿಸಿಲಿನ ತಾಪ ಕಡಿಮೆ ಮಾಡಲು ಜೋಡಿ ಗಾಜು ಒಳ್ಳೆಯದು, ಅದರಲ್ಲಿ ತಕರಾರಿಲ್ಲ. ಸದ್ದಿಗೆ ಮಾತ್ರ ಎರಡು ಕಡೆ ಒಂದೇ ದಪ್ಪದ ಗಾಜು ಕೆಟ್ಟ ಆಯ್ಕೆ.

ಕಾರಣ ಎರಡು. ಒಂದು: ಪ್ರತಿ ಗಾಜಿಗೂ ಅದರ ದಪ್ಪಕ್ಕೆ ತಕ್ಕಂತೆ ಒಂದು ದುರ್ಬಲ ಸ್ವರವಿರುತ್ತದೆ. ಆ ಸ್ವರದಲ್ಲಿ ಗಾಜು ತಾನೇ ಬಾಗಿ ಬಳುಕಿ ಸದ್ದನ್ನು ಒಳಗೆ ಸಾಗಿಸುತ್ತದೆ. ಸುಮಾರು 12,000 ಅನ್ನು ಗಾಜಿನ ದಪ್ಪದಿಂದ (ಮಿಮೀ ಲೆಕ್ಕದಲ್ಲಿ) ಭಾಗಿಸಿದರೆ ಆ ಸ್ವರ ಹರ್ಟ್ಸ್‌ನಲ್ಲಿ ಸಿಗುತ್ತದೆ. 6 ಮಿಮೀ ಗಾಜಿಗೆ ಅದು 2,000 ಹರ್ಟ್ಸ್ ಆಸುಪಾಸು. ಗಾಲಿ ಹಳಿಯ ಮೇಲೆ ಉರುಳುವ ಸದ್ದಿನ ಬಹುಪಾಲು ಇರುವುದು 500ರಿಂದ 2,000 ಹರ್ಟ್ಸ್ ಒಳಗೆ. ಎರಡೂ ಗಾಜು ಒಂದೇ ದಪ್ಪವಾದರೆ ಎರಡೂ ಒಂದೇ ಸ್ವರಕ್ಕೆ ದಾರಿ ಬಿಡುತ್ತವೆ. ಎರಡು: ನಡುವಿನ ಗಾಳಿ ಸ್ಪ್ರಿಂಗ್‌ನಂತೆ ಕೆಲಸ ಮಾಡಿ ಎರಡೂ ಗಾಜನ್ನು ಒಟ್ಟಿಗೆ ಅಲುಗಿಸುತ್ತದೆ. 6-12-6 ಜೋಡಿಯಲ್ಲಿ ಈ ಅನುರಣನ ಬರುವುದು ಸುಮಾರು 200 ಹರ್ಟ್ಸ್‌ನಲ್ಲಿ. ಡೀಸೆಲ್ ಎಂಜಿನ್ನಿನ ಗುಡುಗು ಇರುವ ಜಾಗಕ್ಕೆ ಸರಿಯಾಗಿ ಇದು ಬಂದು ಕೂರುತ್ತದೆ. ಅಲ್ಲಿ ಜೋಡಿ ಗಾಜು ಒಂಟಿ ಗಾಜಿಗಿಂತಲೂ ಕಳಪೆ.

ಹಾಗಾಗಿ ಕೇಳಬೇಕಾದ್ದು ಅಸಮ ದಪ್ಪ, ಜೊತೆಗೆ ಒಂದು ಕಡೆ ಲ್ಯಾಮಿನೇಷನ್. ಹೊರಗೆ 6 ಮಿಮೀ, ನಡುವೆ 16 ಮಿಮೀ ಅಂತರ, ಒಳಗೆ 8.76 ಮಿಮೀ ಲ್ಯಾಮಿನೇಟೆಡ್ ಗಾಜು (4 ಮಿಮೀ ಗಾಜು, 0.76 ಮಿಮೀ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ, 4 ಮಿಮೀ ಗಾಜು) ಹಳಿ ಪಕ್ಕದ ಮನೆಗೆ ನೆಚ್ಚಬಹುದಾದ ಸಂಯೋಜನೆ. ಪಿವಿಬಿಯಲ್ಲೂ ಎರಡು ಜಾತಿ. ಸಾಮಾನ್ಯ ಪಿವಿಬಿ ಸುರಕ್ಷತೆಗಾಗಿ ಬಂದದ್ದು, ಒಡೆದಾಗ ಚೂರು ಉದುರದಂತೆ ಹಿಡಿದಿಡುತ್ತದೆ. ‘ಅಕೌಸ್ಟಿಕ್’ ಪಿವಿಬಿಯ ಒಳಪದರ ಮೆತ್ತಗಿರುತ್ತದೆ. ಗಾಜು ಬಳುಕುವ ಶಕ್ತಿಯನ್ನು ಅದು ನುಂಗುವುದರಿಂದ ಮೇಲೆ ಹೇಳಿದ ದುರ್ಬಲ ಸ್ವರದ ತಗ್ಗು ಬಹುಮಟ್ಟಿಗೆ ತುಂಬಿಹೋಗುತ್ತದೆ. ಎರಡೂ ನೋಡಲು ಒಂದೇ ಥರ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲವಾದ್ದರಿಂದ ಬಿಲ್ಲಿನಲ್ಲಿ ‘ಅಕೌಸ್ಟಿಕ್ ಗ್ರೇಡ್ ಪಿವಿಬಿ’ ಎಂದು ಬರೆಸಿ, ಗಾಜು ತಯಾರಕರ ಪರೀಕ್ಷಾ ವರದಿ ಕೇಳಿ ಪಡೆಯಿರಿ.

ವರದಿಯಲ್ಲಿ ಒಂದೇ ಅಂಕಿ ನೋಡಿ ತೃಪ್ತಿಪಡಬೇಡಿ. ‘ಆರ್‌ಡಬ್ಲ್ಯೂ 41 (-2; -6)’ ಎಂಬಂತೆ ಇರುತ್ತದೆ. ಆರ್‌ಡಬ್ಲ್ಯೂ ಎಂದರೆ ಪ್ರಯೋಗಾಲಯದಲ್ಲಿ ಅಳೆದ ಸದ್ದಿನ ತಡೆ, ಡೆಸಿಬಲ್‌ನಲ್ಲಿ. ಬ್ರಾಕೆಟ್ಟಿನೊಳಗಿನ ಮೊದಲ ಅಂಕಿ ‘ಸಿ’, ಎರಡನೆಯದು ‘ಸಿಟಿಆರ್’. ಐಎಸ್‌ಒ 717-1 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಮಧ್ಯಮ ಮತ್ತು ಹೆಚ್ಚು ವೇಗದ ರೈಲಿಗೆ ‘ಸಿ’, ನಿಧಾನವಾಗಿ ಚಲಿಸುವ ರೈಲಿಗೆ ‘ಸಿಟಿಆರ್’ ಸೇರಿಸಿ ಲೆಕ್ಕ ಹಾಕಬೇಕು. ಸ್ಟೇಷನ್ ಹತ್ತಿರ, ಸಿಗ್ನಲ್ ಬಳಿ, ಯಾರ್ಡ್ ಪಕ್ಕ ಇರುವ ಮನೆಗೆ ಎರಡನೆಯದೇ ನಿಜವಾದ ಲೆಕ್ಕ. ಅಂದರೆ ಈ ಉದಾಹರಣೆಯ ಗಾಜಿನ ತಡೆ 41 ಅಲ್ಲ, 35. ಇದೂ ಪ್ರಯೋಗಾಲಯದ ಅಂಕಿ. ಮನೆಗೆ ಬಂದು ಕೂತ ಮೇಲೆ ಇನ್ನೂ ಮೂರರಿಂದ ಐದು ಡೆಸಿಬಲ್ ಕಳೆಯುವುದು ಮಾಮೂಲು. ಬರೀ ಗಾಜಿನ ವರದಿ ಕೊಟ್ಟು ಅದನ್ನೇ ಕಿಟಕಿಯ ವರದಿ ಎಂದರೆ ಒಪ್ಪಬೇಡಿ. ಚೌಕಟ್ಟು, ರಬ್ಬರು, ಗಾಜು ಸೇರಿದ ಇಡೀ ಕಿಟಕಿಯ ಪರೀಕ್ಷೆ ಬೇರೆಯೇ.

ಎರಡು ಗಾಜಿನ ನಡುವೆ ‘ನಿರ್ವಾತ ಇದೆ’ ಎಂಬ ಮಾತನ್ನೂ ನಂಬಬೇಡಿ. ಮಾಮೂಲಿ ಜೋಡಿ ಗಾಜಿನಲ್ಲಿ ಇರುವುದು ತೇವ ತೆಗೆದ ಗಾಳಿ, ಕೆಲವದರಲ್ಲಿ ಆರ್ಗಾನ್. ಆರ್ಗಾನಿನಿಂದ ಶಾಖಕ್ಕೆ ಲಾಭವುಂಟು, ಕಿವಿಗೆ ಗೊತ್ತಾಗುವಷ್ಟು ವ್ಯತ್ಯಾಸವಿಲ್ಲ. ಗಾಜು ಟಫನ್ಡ್ ಆಗಿದ್ದರೂ ಇಲ್ಲದಿದ್ದರೂ ಸದ್ದಿನ ಮಟ್ಟಿಗೆ ಒಂದೇ.

ಇನ್ನು ಕೇಸ್‌ಮೆಂಟ್ ಕಿಟಕಿ. ಇದರ ಬಲ ಇರುವುದು ಸುತ್ತಲಿನ ಇಪಿಡಿಎಂ ರಬ್ಬರಿನಲ್ಲಿ ಮತ್ತು ಹಲವು ಕಡೆ ಕಚ್ಚುವ ಲಾಕ್‌ನಲ್ಲಿ. ಹಿಡಿ ತಿರುಗಿಸಿದರೆ ರೆಕ್ಕೆಯ ಉದ್ದಕ್ಕೂ ಮೂರ್ನಾಲ್ಕು ಕಡೆ ಚೌಕಟ್ಟಿಗೆ ಎಳೆದುಕೊಂಡು ರಬ್ಬರು ಸಮನಾಗಿ ಒತ್ತಬೇಕು. ಒಂದೇ ಕಡೆ ಲಾಕ್ ಇರುವ ಅಗ್ಗದ ಮಾದರಿಯಲ್ಲಿ ನಡುವೆ ಬಿಗಿ, ಮೂಲೆಯಲ್ಲಿ ಸಡಿಲ. ಕೊಳ್ಳುವ ಮುಂಚೆ ಷೋರೂಮಿನಲ್ಲೇ ರೆಕ್ಕೆ ತೆರೆದು ಮೂಲೆಯ ರಬ್ಬರನ್ನು ಬೆರಳಿನಿಂದ ಸವರಿ ನೋಡಿ. ಒಳ್ಳೆಯ ಕೆಲಸದಲ್ಲಿ ರಬ್ಬರು ಮೂಲೆ ತಿರುಗಿ ಒಂದೇ ಎಳೆಯಾಗಿ ಹೋಗಿರುತ್ತದೆ ಅಥವಾ 45 ಡಿಗ್ರಿಗೆ ಕೊಯ್ದು ಅಂಟಿಸಿರುತ್ತಾರೆ. ಕೆಟ್ಟ ಕೆಲಸದಲ್ಲಿ ಎರಡು ತುದಿ ಹಾಗೇ ಕತ್ತರಿಸಿ ಎದುರುಬದುರು ಬಿಟ್ಟಿರುತ್ತಾರೆ. ಹೊಸದರಲ್ಲಿ ಅದು ಮುಟ್ಟಿದಂತೆ ಕಾಣುತ್ತದೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ರಬ್ಬರು ಕುಗ್ಗಿ ಮೂರ್ನಾಲ್ಕು ಮಿಲಿಮೀಟರಿನ ಕಿಂಡಿ ಬಿಟ್ಟುಕೊಳ್ಳುತ್ತದೆ. ನಾಲ್ಕು ಮೂಲೆಗೆ ನಾಲ್ಕು ಕಿಂಡಿ.

ಇಷ್ಟು ಸಣ್ಣ ಕಿಂಡಿಗೆ ಇಷ್ಟು ಮಾತು ಯಾಕೆಂದರೆ ಲೆಕ್ಕ ಹಾಗಿದೆ. ಒಂದು ಭಾಗದ ವಿಸ್ತೀರ್ಣದಲ್ಲಿ ಶೇಕಡ 1ರಷ್ಟು ತೆರೆದಿದ್ದರೆ ಉಳಿದದ್ದು ಉಕ್ಕಿನ ಗೋಡೆಯಾದರೂ ತಡೆ 20 ಡೆಸಿಬಲ್ ದಾಟುವುದಿಲ್ಲ. ಶೇಕಡ 0.1 ತೆರೆದಿದ್ದರೆ 30. 1.2 ಮೀಟರ್ ಅಗಲ, 1.5 ಮೀಟರ್ ಎತ್ತರದ ಕಿಟಕಿಯ ಸುತ್ತಳತೆ 5.4 ಮೀಟರ್. ಚೌಕಟ್ಟಿಗೂ ಗೋಡೆಗೂ ನಡುವೆ ಸುತ್ತ 1 ಮಿಲಿಮೀಟರ್ ಸೀಳು ಉಳಿದರೆ ಅದು 54 ಚದರ ಸೆಂಟಿಮೀಟರ್, ಕಿಟಕಿಯ ಶೇಕಡ 0.3. ಅಲ್ಲಿಗೆ 40 ಡೆಸಿಬಲ್ ಎಂದು ಕೊಂಡ ಕಿಟಕಿ 25ಕ್ಕೆ ಇಳಿಯಿತು. ಗಾಜಿನಲ್ಲಿ ದುಡ್ಡು ಸುರಿದು ಗಳಿಸಿದ್ದನ್ನೆಲ್ಲ ಒಂದು ಸೀಳು ತೆಗೆದುಕೊಂಡು ಹೋಗುತ್ತದೆ.

ಆದ್ದರಿಂದ ಕೂರಿಸುವ ಕೆಲಸವನ್ನು ನಿಂತು ನೋಡಬೇಕು. ಬೆಂಗಳೂರಿನಲ್ಲಿ ನಡೆಯುವ ರೂಢಿ ಹೀಗಿದೆ: ಗೋಡೆಯ ತೆರವಿಗಿಂತ ಎಲ್ಲ ಕಡೆ ಸುಮಾರು 10 ಮಿಮೀ ಕಡಿಮೆ ಅಳತೆಯ ಚೌಕಟ್ಟು ತಂದು, ಸ್ಕ್ರೂ ಹೊಡೆದು, ಸಂದಿಗೆ ಪಿಯು ಫೋಮ್ ಚಿಮುಕಿಸಿ, ಉಬ್ಬಿದ್ದನ್ನು ಬ್ಲೇಡಿನಲ್ಲಿ ಕೊಯ್ದು, ಮೇಲೆ ತೆಳ್ಳಗೆ ಸಿಲಿಕೋನ್ ಎಳೆಯುವುದು. ಫೋಮ್ ಹಗುರ. ಅದೊಂದನ್ನೇ ನೆಚ್ಚುವಂತಿಲ್ಲ, ಸದ್ದು ತಡೆಯುವುದು ಭಾರ ಮತ್ತು ಬಿಗಿ. ಅದಕ್ಕಿಂತ ಒಳ್ಳೆಯ ಕ್ರಮವೊಂದಿದೆ. ತೆರವಿನ ಅಂಚನ್ನು ಗಾರೆಯಿಂದ ಮೊದಲು ನೇರ ಮಾಡಿಸಿ, ಸಂದು ಎಲ್ಲ ಕಡೆ ಒಂದೇ ಅಗಲ ಬರಲಿ. ಚೌಕಟ್ಟನ್ನು ಮೂಲೆಯಿಂದ ಸುಮಾರು 200 ಮಿಮೀ ದೂರಕ್ಕೆ ಮೊದಲ ಸ್ಕ್ರೂ, ಆಮೇಲೆ 600 ಮಿಮೀಗೊಂದರಂತೆ ಬಿಗಿಸಿ. ಸಂದಿಗೆ ರಾಕ್‌ವುಲ್, ಅಂದರೆ ಕಲ್ಲಿನ ನಾರಿನ ಉಣ್ಣೆಯನ್ನು, ಒತ್ತಿ ತುಂಬಿ. ಹೊರಗೂ ಒಳಗೂ ಫೋಮ್ ಹುರಿ ಇಟ್ಟು ಅದರ ಮೇಲೆ ನ್ಯೂಟ್ರಲ್ ಸಿಲಿಕೋನ್ ಅನ್ನು ಸಂದಿನ ಅಗಲದ ಅರ್ಧದಷ್ಟು ಆಳಕ್ಕೆ ತುಂಬಿಸಿ. ಒಳಗಡೆಯ ಸಿಲಿಕೋನ್ ಅನ್ನು ‘ಪಟ್ಟಿ ಮುಚ್ಚುತ್ತದಲ್ಲ ಸಾರ್’ ಎಂದು ಬಿಡುವವರೇ ಹೆಚ್ಚು. ಬಿಡಲು ಕೊಡಬೇಡಿ.

ನಮ್ಮ ಕಡೆಯ ಇನ್ನೊಂದು ವಿಶೇಷ ಗ್ರಾನೈಟ್ ಹಾಸು. ಕಿಟಕಿಯ ಕೆಳಗೆ, ಎಷ್ಟೋ ಕಡೆ ನಾಲ್ಕೂ ಸುತ್ತ, ಗ್ರಾನೈಟ್ ಪಟ್ಟಿ ಕೂರಿಸುತ್ತಾರೆ. ಅದರ ಅಡಿಗೆ ಗಾರೆಯನ್ನು ಅಲ್ಲಲ್ಲಿ ಉಂಡೆ ಇಟ್ಟು ಒತ್ತಿದರೆ ನಡುವೆಲ್ಲ ಪೊಳ್ಳು. ಕಿಟಕಿ ಎಷ್ಟೇ ಬಿಗಿಯಾಗಿರಲಿ, ಸದ್ದು ಕಲ್ಲಿನ ಅಡಿಯಿಂದ ಬರುತ್ತದೆ. ನಾಣ್ಯದಿಂದ ಉದ್ದಕ್ಕೂ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದ ಕಡೆ ತೂತು ಕೊರೆದು ಸಿಮೆಂಟ್ ಗ್ರೌಟ್ ತುಂಬಿಸಿದ ಮೇಲೆಯೇ ಚೌಕಟ್ಟು ಕೂರಿಸಬೇಕು.

ಕೆಲಸ ಮುಗಿದ ದಿನ ಮಾಡಬಹುದಾದ ಪರೀಕ್ಷೆಗಳು ಸರಳ. ಕಾಗದದ ಪಟ್ಟಿಯನ್ನು ರೆಕ್ಕೆಯ ಅಂಚಿಗಿಟ್ಟು ಮುಚ್ಚಿ ಎಳೆಯಿರಿ. ಸುತ್ತಲೂ ಎಲ್ಲಿ ಎಳೆದರೂ ಒಂದೇ ಬಿಗಿ ಇರಬೇಕು. ಸಲೀಸಾಗಿ ಜಾರಿ ಬಂದ ಕಡೆ ಹಿಂಜು ಅಥವಾ ಲಾಕಿನ ಕಚ್ಚು ಸರಿ ಮಾಡಿಸಿ. ರಾತ್ರಿ ಹೊರಗಿನಿಂದ ಒಬ್ಬರು ಟಾರ್ಚ್ ಹಿಡಿದು ಚೌಕಟ್ಟಿನ ಸುತ್ತ ಸಾಗಿಸಲಿ, ಒಳಗೆ ಕತ್ತಲೆಯಲ್ಲಿ ಬೆಳಕಿನ ಎಳೆ ಕಾಣುತ್ತದೆಯೇ ನೋಡಿ. ಗಾಳಿ ಬೀಸುವ ಸಂಜೆ ಊದುಬತ್ತಿ ಹಚ್ಚಿ ಅಂಚಿನುದ್ದಕ್ಕೂ ಹಿಡಿದರೆ ಹೊಗೆ ಎಲ್ಲಿ ಬಾಗುತ್ತದೋ ಅಲ್ಲಿ ಸೋರಿಕೆ.

ತೂಕದ ವಿಷಯ ಮರೆಯುವಂತಿಲ್ಲ. ಗಾಜು ಪ್ರತಿ ಮಿಲಿಮೀಟರಿಗೆ ಚದರ ಮೀಟರಿಗೆ 2.5 ಕಿಲೋ. ಮೇಲೆ ಹೇಳಿದ ಸಂಯೋಜನೆ ಚದರ ಮೀಟರಿಗೆ 35 ಕಿಲೋ. 600 x 1350 ಮಿಮೀ ರೆಕ್ಕೆಯಲ್ಲಿ ಗಾಜೊಂದೇ 28 ಕಿಲೋ, ಮೇಲೆ ಚೌಕಟ್ಟಿನ ಭಾರ. ಹೊರಗಿನ ಗಾಜನ್ನು 10 ಮಿಮೀ ಮಾಡಿದರೆ ಗಾಜೇ 36 ಕಿಲೋ ದಾಟುತ್ತದೆ. ಹಗುರ ಗಾಜಿಗೆಂದು ಬರುವ ಸ್ಟೇನ್‌ಲೆಸ್ ಫ್ರಿಕ್ಷನ್ ಸ್ಟೇ (ರೆಕ್ಕೆಯನ್ನು ಹಿಡಿದು ನಿಲ್ಲಿಸುವ ಜಾರು ಹಿಂಜು) ಇದನ್ನು ಹೊರಲಾರದು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ರೆಕ್ಕೆ ಮೂಗು ಬಾಗಿಸಿ, ಮೇಲಿನ ಮೂಲೆಯ ರಬ್ಬರು ಚೌಕಟ್ಟನ್ನು ಬಿಟ್ಟು ನಿಂತಿರುತ್ತದೆ. ಹಿಂಜಿನ ಭಾರಸಾಮರ್ಥ್ಯ ರೆಕ್ಕೆಯ ಒಟ್ಟು ತೂಕಕ್ಕಿಂತ ಕಾಲುಭಾಗವಾದರೂ ಹೆಚ್ಚಿರಲಿ, ಯುಪಿವಿಸಿ ಪ್ರೊಫೈಲಿನೊಳಗೆ ಸುತ್ತಲೂ ಉಕ್ಕಿನ ಬಲವರ್ಧನೆ ಇರಲಿ. ಅಗಲ ಕಿಟಕಿಯಾದರೆ ದೊಡ್ಡ ಪಾಲು ಸ್ಥಿರ ಗಾಜು, ಒಂದು ಪಾಲು ಮಾತ್ರ ತೆರೆಯುವಂತೆ ಮಾಡಿಸುವುದು ಜಾಣತನ. ಸ್ಥಿರ ಗಾಜಿಗೆ ಹಿಂಜಿನ ಚಿಂತೆಯಿಲ್ಲ, ಸೋರಿಕೆಯೂ ಇಲ್ಲ.

ಸರಳು ಮತ್ತು ಸೊಳ್ಳೆ ಪರದೆಯ ಜಾಗವನ್ನು ಆರ್ಡರ್ ಕೊಡುವ ಮುಂಚೆಯೇ ತೀರ್ಮಾನಿಸಿ. ಹೊರಗೆ ಸರಳಿದ್ದರೆ ರೆಕ್ಕೆ ಒಳಗೆ ತೆರೆಯಬೇಕು, ಆಗ ಪರದೆ ಹೊರಗೆ. ಒಳಗೆ ಸರಳಿದ್ದರೆ ರೆಕ್ಕೆ ಹೊರಗೆ ತೆರೆಯಬೇಕು, ಆಗ ಹಿಡಿಗೆ ಕೈ ಹಾಕಲು ಸರಳಿನಲ್ಲಿ ಜಾಗ ಬಿಡಬೇಕು. ಚೌಕಟ್ಟು ಬಂದ ಮೇಲೆ ಸರಳಿನವರು ಅದಕ್ಕೇ ತೂತು ಕೊರೆದರೆ ಅಷ್ಟೂ ತೂತು ಸದ್ದಿನ ಬಾಗಿಲು.

ಮೂರನೇ ಬಗೆ, ಒಳಕಿಟಕಿ. ಹೊರಗಿನ ಹಳೆಯ ಸ್ಲೈಡಿಂಗ್ ಕಿಟಕಿ ಇದ್ದಲ್ಲೇ ಇರಲಿ. ಗೋಡೆ 200 ಅಥವಾ 230 ಮಿಮೀ ದಪ್ಪವಿದ್ದರೆ ಒಳಮುಖಕ್ಕೆ ಇನ್ನೊಂದು ಕೇಸ್‌ಮೆಂಟ್ ಕೂರಿಸಲು 100ರಿಂದ 150 ಮಿಮೀ ಅಂತರ ಸಿಗುತ್ತದೆ. ಗುಟ್ಟು ಇರುವುದು ಈ ಅಂತರದಲ್ಲೇ. 12 ಮಿಮೀ ಅಂತರದಲ್ಲಿ 200 ಹರ್ಟ್ಸ್‌ಗೆ ಬರುತ್ತಿದ್ದ ಅನುರಣನ, ಹೊರಗೆ 5 ಮಿಮೀ ಗಾಜು, ಒಳಗೆ 8.76 ಲ್ಯಾಮಿನೇಟೆಡ್, ನಡುವೆ 150 ಮಿಮೀ ಆದಾಗ 56 ಹರ್ಟ್ಸ್ ಆಸುಪಾಸಿಗೆ ಇಳಿಯುತ್ತದೆ. ಎಂಜಿನ್ನಿನ ಗುಡುಗಿನ ಬಹುಭಾಗ ಅದರ ಮೇಲಕ್ಕೆ ಉಳಿಯುವುದರಿಂದ ತಡೆ ಸಿಗುತ್ತದೆ. ಎರಡು ಚೌಕಟ್ಟು ಒಂದಕ್ಕೊಂದು ಮುಟ್ಟದಿರುವುದು, ಎರಡು ಬೇರೆ ಬೇರೆ ಸೀಲುಗಳಿರುವುದು ಇನ್ನೊಂದು ಲಾಭ. ಹೊರಗಿನ ಸೋರುವ ಸ್ಲೈಡಿಂಗ್ ಕೂಡ ಇಲ್ಲಿ ಸಹಾಯಕ್ಕೆ ಬರುತ್ತದೆ. ಎರಡು ಗಾಜಿನ ನಡುವಿನ ಗೋಡೆಯ ಬದಿಗಳಿಗೆ 20–25 ಮಿಮೀ ದಪ್ಪದ, ಬಟ್ಟೆ ಹೊದಿಸಿದ ರಾಕ್‌ವುಲ್ ಪಟ್ಟಿ ಅಂಟಿಸಿದರೆ ನಡುವೆ ಸದ್ದು ಪ್ರತಿಧ್ವನಿಸುವುದು ತಗ್ಗಿ ಇನ್ನೂ ಕೆಲವು ಡೆಸಿಬಲ್ ಸಿಗುತ್ತವೆ.

ತೊಂದರೆಗಳೂ ಇವೆ. ಗಾಳಿ ಬೇಕೆಂದರೆ ಎರಡು ಕಿಟಕಿ ತೆರೆಯಬೇಕು, ಒರೆಸಲು ನಾಲ್ಕು ಮುಖ. ಗೋಡೆ 100 ಅಥವಾ 150 ಮಿಮೀ ಬ್ಲಾಕ್ ಆದರೆ ಒಳಕಿಟಕಿ ಕೋಣೆಯೊಳಕ್ಕೆ ಪೆಟ್ಟಿಗೆಯಂತೆ ಚಾಚುತ್ತದೆ. ಆದರೂ ಬಾಡಿಗೆ ಮನೆಗೆ, ಸಂಘದವರು ಹೊರನೋಟ ಬದಲಿಸಲು ಬಿಡದ ಅಪಾರ್ಟ್‌ಮೆಂಟಿಗೆ ಇದೇ ಸರಿ. ಒಂದಿಷ್ಟು ಅಂದ ಬಿಟ್ಟುಕೊಟ್ಟು ನಿದ್ದೆ ಗಳಿಸುವ ವ್ಯವಹಾರ ಇದು, ಯಾವ ಅನುಮಾನವೂ ಇಲ್ಲದೆ ಶಿಫಾರಸು ಮಾಡಬಹುದು.

ಎಷ್ಟು ತಡೆ ಬೇಕು ಎಂಬುದನ್ನು ಕಿಟಕಿ ಕೊಳ್ಳುವ ಮುಂಚೆ ಗೊತ್ತು ಮಾಡಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ 1999ರ ಸಮುದಾಯ ಶಬ್ದ ಮಾರ್ಗಸೂಚಿಯಲ್ಲಿ ಮಲಗುವ ಕೋಣೆಯೊಳಗೆ ರಾತ್ರಿ ಸರಾಸರಿ 30 ಡೆಸಿಬಲ್, ಬಿಡಿ ಸದ್ದುಗಳಿಗೆ 45 ಎಂದಿದೆ. ನಮ್ಮ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶದ ಹೊರಗಿನ ಮಿತಿ ಹಗಲು 55, ರಾತ್ರಿ 45. ರೈಲು ಹಾದುಹೋಗುವಾಗ ಕಿಟಕಿಯ ಹೊರಗೆ 85 ಇದೆ ಎಂದಿಟ್ಟುಕೊಳ್ಳಿ. ಒಳಗೆ 45 ಬೇಕಾದರೆ 40 ಡೆಸಿಬಲ್ ತಡೆ ಬೇಕು. ಮಾಮೂಲಿ ಕೇಸ್‌ಮೆಂಟ್ ಒಂದರಿಂದ ಅದು ಆಗದು, ಒಳಕಿಟಕಿಯಿಂದ ಹತ್ತಿರ ಹೋಗಬಹುದು. ಫೋನಿನ ಆ್ಯಪ್ ಕೊಡುವ ಅಂಕಿ ಖಚಿತವಲ್ಲ, ಆದರೆ ಒಂದೇ ಫೋನಿನಲ್ಲಿ ಒಳಗೂ ಹೊರಗೂ ಅಳೆದು ವ್ಯತ್ಯಾಸ ನೋಡಲು ಸಾಕು. ಸರಕು ರೈಲು, ಪ್ಯಾಸೆಂಜರ್, ಹಾರ್ನ್ ಮೂರನ್ನೂ ಬೇರೆ ಬೇರೆ ಬರೆದಿಡಿ. ಲೆವೆಲ್ ಕ್ರಾಸಿಂಗಿನಿಂದ 600 ಮೀಟರ್ ಮುಂಚೆ ಸೀಟಿ ಹಾಕಬೇಕೆಂಬ ಫಲಕ ನೆಟ್ಟಿರುತ್ತದೆ. ಆ ಫಲಕಕ್ಕೂ ಗೇಟಿಗೂ ನಡುವೆ ಮನೆಯಿದ್ದರೆ ನಿಮ್ಮ ಮುಖ್ಯ ಶತ್ರು ಹಾರ್ನೇ, ಗಾಲಿಯ ಸದ್ದಲ್ಲ.

ಕಿಟಕಿ ಮಾತ್ರ ಬದಲಿಸಿ ಕೋಣೆಯ ಉಳಿದ ತೂತು ಬಿಟ್ಟವರ ದೂರು ಹೆಚ್ಚು. 65 ಮಿಮೀ ವ್ಯಾಸದ ಎಸಿ ಪೈಪಿನ ತೂತು 33 ಚದರ ಸೆಂಟಿಮೀಟರ್. 10 ಚದರ ಮೀಟರಿನ ಗೋಡೆಗೆ ಅದೊಂದೇ 35 ಡೆಸಿಬಲ್‌ನ ಮಿತಿ ಹಾಕುತ್ತದೆ. ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಏನೂ ಇರುವುದಿಲ್ಲ, ತೆಗೆದು ನೋಡಿ. ಪೈಪಿನ ಸುತ್ತ ರಾಕ್‌ವುಲ್ ತುಂಬಿ ಎರಡೂ ಬದಿಗೆ ಸೀಲಂಟ್ ಹಾಕಿಸಿ. ಬಾತ್‌ರೂಮಿನ ಲೂವರ್ ವೆಂಟಿಲೇಟರ್ ಮುಚ್ಚುವಂತಿಲ್ಲ, ಹಾಗಾಗಿ ಬಾತ್‌ರೂಮಿನ ಬಾಗಿಲನ್ನು ಗಟ್ಟಿ ಹಲಗೆಯದಾಗಿಸಿ ಅಡಿಗೆ ಸೀಲು ಹಾಕಿಸುವುದೊಂದೇ ದಾರಿ. ದಪ್ಪ ಪರದೆಯಿಂದ ಕೋಣೆಯೊಳಗಿನ ಪ್ರತಿಧ್ವನಿ ಸ್ವಲ್ಪ ತಗ್ಗುತ್ತದೆ, ಹೊರಗಿನ ಸದ್ದು ನಿಲ್ಲದು.

ಎಲ್ಲ ಬಿಗಿ ಮಾಡಿದ ಮೇಲೆ ಗಾಳಿ? ಈ ಪ್ರಶ್ನೆಯನ್ನು ಮಾರುವವರು ಎತ್ತುವುದೇ ಇಲ್ಲ, ಅದು ಈ ಸರಕಿನ ದೊಡ್ಡ ಕೊರತೆ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಸುತ್ತಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಫ್ಯಾನೂ ಅಷ್ಟೆ. ಇಬ್ಬರು ಮಲಗುವ ಕೋಣೆ ಮುಚ್ಚಿಟ್ಟರೆ ಬೆಳಗಿನ ಹೊತ್ತಿಗೆ ಉಸಿರು ಕಟ್ಟಿದಂತಾಗಿ, ಜನ ಕಿಟಕಿ ತೆರೆದೇ ಮಲಗಲು ಶುರು ಮಾಡುತ್ತಾರೆ. ಅಲ್ಲಿಗೆ ಖರ್ಚೆಲ್ಲ ವ್ಯರ್ಥ. ಕಿಟಕಿಯ ಜೊತೆಗೇ ಒಂದು ಗಾಳಿಪೆಟ್ಟಿಗೆ ಯೋಜಿಸಿ: ಒಳಗೆ 50 ಮಿಮೀ ರಾಕ್‌ವುಲ್ ಹೊದಿಸಿದ, ಎರಡು ತಿರುವಿರುವ ಮಾರ್ಗ, ಒಂದು ಸಣ್ಣ ಸದ್ದಿಲ್ಲದ ಫ್ಯಾನು, ಆದಷ್ಟೂ ಹಳಿಗೆ ವಿರುದ್ಧ ದಿಕ್ಕಿನಿಂದ ಗಾಳಿ ಸೆಳೆಯುವ ಬಾಯಿ. ತಲೆಗೆ ಸೆಕೆಂಡಿಗೆ 8 ಲೀಟರ್ ಹೊಸ ಗಾಳಿ ಎಂದು ಲೆಕ್ಕ ಹಿಡಿದರೆ ಇಬ್ಬರಿಗೆ 16 ಸಾಕು, ಅಷ್ಟಕ್ಕೆ 100 ಮಿಮೀ ಪೈಪು ಸಾಲುತ್ತದೆ.

ಕಿಟಕಿಯಿಂದ ಸಾಧ್ಯವೇ ಇಲ್ಲದ ಒಂದು ಕೆಲಸವೂ ಇದೆ, ನೆಲದ ಮೂಲಕ ಬರುವ ಕಂಪನವನ್ನು ತಡೆಯುವುದು. ರೈಲು ಹೋಗುವಾಗ ಹಳಿಗೆ ಮುಖ ಮಾಡಿದ ಕೋಣೆಯಲ್ಲೂ ಒಳಗಿನ ಕೋಣೆಯಲ್ಲೂ ಗುಂಯ್‌ಗುಡುವಿಕೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕೇಳಿದರೆ, ಗೋಡೆಗೆ ಅಂಗೈ ಇಟ್ಟಾಗ ನಡುಕ ಗೊತ್ತಾದರೆ, ಕಪಾಟಿನ ಪಾತ್ರೆ ಸದ್ದು ಮಾಡಿದರೆ ಅದು ಅಡಿಪಾಯದಿಂದ ಹತ್ತಿ ಬರುತ್ತಿದೆ. ಹಳಿ ಕವಲೊಡೆಯುವ ಪಾಯಿಂಟ್ಸ್ ಮತ್ತು ಬೆಸುಗೆ ಹಾಕದ ಜೋಡಣೆಗಳ ಬಳಿ ಇದು ಜಾಸ್ತಿ. ಅಂಥ ಮನೆಗೆ ಕಿಟಕಿ ಮಾರುವುದು ಅನ್ಯಾಯ. ಕಟ್ಟುವ ಮುಂಚೆಯಾದರೆ ಮದ್ದಿದೆ: ಖಾಲಿ ನಿವೇಶನದಲ್ಲೇ ಸರಕು ರೈಲು ಓಡುವ ರಾತ್ರಿಗಳಲ್ಲಿ ಕಂಪನ ಅಳೆದು, ಕಂಬ ಮತ್ತು ಅಡಿಪಾಯದ ನಡುವೆ ರಬ್ಬರ್ ಬೇರಿಂಗ್ ಇಲ್ಲವೇ ಉಕ್ಕಿನ ಸ್ಪ್ರಿಂಗ್ ಕೂರಿಸುವುದು. ಲಂಡನ್ನಿನ ಸೇಂಟ್ ಜೇಮ್ಸಸ್ ಪಾರ್ಕ್ ನಿಲ್ದಾಣದ ಮೇಲಿನ ಆಲ್ಬನಿ ಕೋರ್ಟ್ ವಸತಿ ಕಟ್ಟಡವನ್ನು 1960ರ ದಶಕದಲ್ಲೇ ಹೀಗೆ ರಬ್ಬರಿನ ಮೇಲೆ ನಿಲ್ಲಿಸಿದ್ದಾರೆ. ಕಟ್ಟಿ ಮುಗಿದ ಮೇಲೆ ಸುಲಭದ ಪರಿಹಾರವಿಲ್ಲ.

ನಕ್ಷೆಯ ಹಂತದಲ್ಲಿ ಇರುವವರಿಗೆ ಕಿಟಕಿಗಿಂತ ಅಗ್ಗದ ಉಪಾಯಗಳಿವೆ. ಹಳಿ ಕಡೆಗೆ ಮೆಟ್ಟಿಲು, ಲಿಫ್ಟು, ಓಡಾಟದ ಹಾದಿ, ಅಡುಗೆಮನೆ, ಬಾತ್‌ರೂಮು ಬರಲಿ. ಮಲಗುವ ಕೋಣೆ ಹಿಂಬದಿಗಿರಲಿ. ಹಳಿಗೆ ಲಂಬವಾಗಿರುವ ಗೋಡೆಯಲ್ಲಿ ಕಿಟಕಿ ಇಟ್ಟರೆ ಹಳಿಯ ಅರ್ಧ ಭಾಗವಷ್ಟೇ ‘ಕಾಣುವುದರಿಂದ’ 3 ಡೆಸಿಬಲ್ ಕಡಿಮೆ, ಕಟ್ಟಡದ ಹಿಂಬದಿಗೆ 10 ಅಥವಾ ಹೆಚ್ಚು ಕಡಿಮೆ. ಹಳಿಯ ಕಡೆ ಬಾಯಿ ತೆರೆದ ‘ಯು’ ಆಕಾರದ ಕಟ್ಟಡ ಎಲ್ಲಕ್ಕಿಂತ ಕೆಟ್ಟದ್ದು, ಸದ್ದು ಒಳಗೆ ಬಿದ್ದು ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ಮಕ್ಕಳ ಆಟದ ಜಾಗ, ಕುಳಿತುಕೊಳ್ಳುವ ಉದ್ಯಾನ ಹಳಿ ಕಡೆಯ ಕಾಂಪೌಂಡಿಗೆ ಅಂಟಿಸಿ ಕೊಡುವುದು ಸಾಮಾನ್ಯ. ಅಲ್ಲಿ ಇರಬೇಕಾದ್ದು ಪಾರ್ಕಿಂಗ್, ಜನರೇಟರ್ ಕೋಣೆ, ನೀರಿನ ಟ್ಯಾಂಕು. ಬಾಲ್ಕನಿಗೆ ಸರಳಿನ ಕಟಕಟೆ ಬದಲು ಗಟ್ಟಿ ಗೋಡೆ ಹಾಕಿ, ಅದರ ಚಾವಣಿಗೆ ಸದ್ದು ಹೀರುವ ಹಲಗೆ ಹೊದಿಸಿದರೆ ಹಿಂದಿನ ಬಾಗಿಲಿಗೆ ಬರುವ ಸದ್ದು ಕಡಿಮೆಯಾಗುತ್ತದೆ. ಎರಡು ಮೀಟರಿನ ಕಾಂಪೌಂಡು ನೆಲಮಹಡಿಗೆ ಗಾಲಿಯ ಸದ್ದನ್ನು 5 ಡೆಸಿಬಲ್‌ನಷ್ಟು ತಡೆದೀತು. ಎಂಜಿನ್ ಮೇಲಿರುವ ಹಾರ್ನಿಗೆ, ಎರಡನೇ ಮಹಡಿಯ ಮೇಲಿನವರಿಗೆ ಅದರಿಂದ ಉಪಯೋಗವಿಲ್ಲ. ಒಂದು ಸಾಲು ಮರ ಹಳಿಯನ್ನು ಕಣ್ಣಿಂದ ಮರೆಮಾಡುತ್ತದೆ, ಕಿವಿಯಿಂದಲ್ಲ.

ರೈಲ್ವೆ ಗಡಿಯಿಂದ 30 ಮೀಟರ್ ಒಳಗೆ ಕಟ್ಟುವುದಾದರೆ ಸ್ಥಳೀಯ ಸಂಸ್ಥೆ ರೈಲ್ವೆಯ ನಿರಾಕ್ಷೇಪಣಾ ಪತ್ರ ಕೇಳುತ್ತದೆ. ಬಿಲ್ಡರ್ ಅದನ್ನು ತೋರಿಸಿದರೆ ಮನೆ ಸದ್ದಿಲ್ಲದ್ದು ಎಂದು ಅರ್ಥವಲ್ಲ, ಅದು ರೈಲ್ವೆಯ ಭದ್ರತೆಗೆ ಸಂಬಂಧಿಸಿದ ಕಾಗದ. 148 ಕಿಲೋಮೀಟರಿನ ಉಪನಗರ ರೈಲು ಯೋಜನೆ, ಜೋಡಿಹಳಿ ಕಾಮಗಾರಿಗಳು ನಡೆಯುತ್ತಿರುವ ಊರಿನಲ್ಲಿ ಇವತ್ತಿನ ರೈಲುಗಳನ್ನು ಎಣಿಸಿ ಕಿಟಕಿ ಆರಿಸಬೇಡಿ. ಹೊಸ ಹಳಿ ನಿಮ್ಮ ಕಾಂಪೌಂಡಿನ ಕಡೆಗೆ ಬರುತ್ತದೆಯೋ ಆಚೆಗೋ ಎಂದು ವಿಚಾರಿಸಿ ಕೊಳ್ಳಿ.

ಆರ್ಡರ್ ಪತ್ರದಲ್ಲಿ ಗಾಜಿನ ಸಂಯೋಜನೆ, ಪಿವಿಬಿ ಜಾತಿ, ಹಿಂಜಿನ ಭಾರಸಾಮರ್ಥ್ಯ, ಲಾಕಿನ ಕಚ್ಚುಗಳ ಸಂಖ್ಯೆ, ಸಂದು ತುಂಬುವ ಕ್ರಮ ಇವನ್ನೆಲ್ಲ ಬರೆಸಿ. ‘ಸೌಂಡ್‌ಪ್ರೂಫ್’ ಎಂಬ ಪದಕ್ಕೆ ಪತ್ರದಲ್ಲಿ ಯಾವ ಬೆಲೆಯೂ ಇಲ್ಲ. ಕೊನೆಯ ಕಂತು ಕಾಗದದ ಪರೀಕ್ಷೆ, ಟಾರ್ಚ್ ಪರೀಕ್ಷೆ ಆದ ಮೇಲೆ ಕೊಡುವುದೆಂದು ಮೊದಲೇ ಒಪ್ಪಿಸಿ. ಆಮೇಲೆ ವರ್ಷಕ್ಕೊಮ್ಮೆ ಹಿಂಜು ಬಿಗಿಸಿ, ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಸಿಲಿಕೋನ್ ಸ್ಪ್ರೇ ಹಾಕಿ. ಹಳಿ ಪಕ್ಕದ ಧೂಳಿನಲ್ಲಿ ಗಾಲಿ ಮತ್ತು ಬ್ರೇಕಿನಿಂದ ಬಂದ ಕಬ್ಬಿಣದ ಪುಡಿ ಇರುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಗಾಜು ಗೀಚಿಹೋಗುತ್ತದೆ, ಮಳೆಗಾಲದಲ್ಲಿ ಹಾಗೇ ಬಿಟ್ಟರೆ ಬಿಳಿ ಪ್ರೊಫೈಲಿನ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ. ಮೊದಲು ನೀರು ಹಾಯಿಸಿ, ಆಮೇಲೆ ಒರೆಸಿ.